ಬರ್ಲಿನ್‌ಗೆ ಕಟ್ಟುವ ಸೂಟ್‌ಕೇಸ್ ಮೂರು ವಾರಕ್ಕೆ ಸಾಕು

ಮಗಳು ಓದಲು ಬರ್ಲಿನ್‌ಗೆ ಹೊರಟಳೆಂದರೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಎರಡು ವರ್ಷಕ್ಕಾಗುವಷ್ಟು ಸಾಮಾನು ಕಟ್ಟುವ ಹಟ ಶುರುವಾಗುತ್ತದೆ. ಅಕ್ಕಿ, ಬೇಳೆ, ರಗ್ಗು, ದಿಂಬು, ಪಾತ್ರೆಗಳ ಸೆಟ್ಟು. ಆ ಅಕ್ಕರೆ ದೊಡ್ಡದು. ಆದರೆ ಸೂಟ್‌ಕೇಸ್ ಕಟ್ಟಬೇಕಾದದ್ದು ಎರಡು ವರ್ಷಕ್ಕಲ್ಲ, ಮೊದಲ ಮೂರು ವಾರಕ್ಕೆ. ಹೊಸಬರು ಕಷ್ಟಪಡುವುದು ಆಗಲೇ.

2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರ ದಾಟಿದ್ದರು. ಹೊರದೇಶದ ವಿದ್ಯಾರ್ಥಿಗಳಲ್ಲಿ ಅವರದೇ ದೊಡ್ಡ ಗುಂಪು. ಇಷ್ಟು ಜನರಿರುವಲ್ಲಿ ಅಕ್ಕಿಗೂ ತೊಗರಿಬೇಳೆಗೂ ಬರವಿಲ್ಲ. ಬರ್ಲಿನ್‌ನ ಏಷ್ಯನ್ ಅಂಗಡಿಗಳಲ್ಲಿ ಇಂಗು, ಹುಣಸೆಹಣ್ಣೂ ಸಿಗುತ್ತವೆ. ಸಿಗದಿರುವುದು ಬ್ಯಾಡಗಿ ಮೆಣಸಿನಕಾಯಿ ಹುರಿದು ಮನೆಯಲ್ಲೇ ಮಾಡಿದ ಸಾರಿನ ಪುಡಿ, ಹುಳಿಪುಡಿ. ಅವಕ್ಕೆ ಜಾಗ ಕೊಡಲೇಬೇಕು. ತುಪ್ಪಕ್ಕೆ ಕೊಡುವಂತಿಲ್ಲ: ಐರೋಪ್ಯ ಒಕ್ಕೂಟದ ನಿಯಮದಂತೆ ಭಾರತದಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥವನ್ನಾಗಲಿ ಮಾಂಸವನ್ನಾಗಲಿ ಒಯ್ಯುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದನ್ನು ಒಣಗಿಸಿ ಚಟ್ನಿಪುಡಿಗೆ ಹಾಕಿಬಿಡುವುದು ಜಾಣತನ.

ದಿಂಬು, ದಿಂಬಿನ ಚೀಲ ಇಲ್ಲಿಂದ ಒಯ್ಯುವುದಂತೂ ವ್ಯರ್ಥ. ಜರ್ಮನಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ದಿಂಬು 80 ಸೆಂ.ಮೀ. ಉದ್ದ, ಅಷ್ಟೇ ಅಗಲ. ಇಲ್ಲಿಯ ಚೀಲ ಅದಕ್ಕೆ ಸಾಲದು. ಕುಕ್ಕರ್ ಬೇಕೆಂದರೆ ಇಂಡಕ್ಷನ್ ತಳದ ಚಿಕ್ಕ ಸ್ಟೀಲ್ ಕುಕ್ಕರ್ ಒಂದಿರಲಿ. ಬರೀ ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ. ವಿದ್ಯುತ್ತು ಅಲ್ಲಿಯೂ 230 ವೋಲ್ಟ್, ಆದರೆ ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿಯ ಸಾಕೆಟ್ಟಿಗೆ ಕೂಡುವುದಿಲ್ಲ. ಒಂದು ಅಡಾಪ್ಟರ್, ಇಲ್ಲಿಯದೇ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಸಾಕು. ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆ ಮುನ್ನವೇ ಹೊತ್ತು ಮುಳುಗುತ್ತದೆ. ಆಗಿನ ಚಳಿಗೆ ತಕ್ಕ ಕೋಟನ್ನು ಅಲ್ಲೇ ಕೊಳ್ಳಬೇಕು. ಬಳಸಿದ ಬಟ್ಟೆಯ ಅಂಗಡಿಗಳು ಆ ಊರಲ್ಲಿ ಬೇಕಾದಷ್ಟಿವೆ, ಅಲ್ಲಿ ಕೊಳ್ಳುವುದಕ್ಕೆ ಯಾರೂ ನಾಚುವುದಿಲ್ಲ.

ಹಾಗಾದರೆ ಕಾಳಜಿಯೆಲ್ಲ ಎಲ್ಲಿಗೆ ಹೋಗಬೇಕು? ಕಾಗದಪತ್ರಕ್ಕೆ. ಪ್ರವೇಶಪತ್ರ, ಮೂಲ ಅಂಕಪಟ್ಟಿಗಳು, ಜನನ ಪ್ರಮಾಣಪತ್ರ, ವಿಮೆಯ ದಾಖಲೆ, ವೀಸಾಕ್ಕೆಂದು ಖರ್ಚಿನ ಹಣ ಇಟ್ಟ ಬ್ಲಾಕ್ಡ್ ಅಕೌಂಟಿನ ಪತ್ರ ಇವೆಲ್ಲ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಬಾರದು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕೆಂಬುದು ಅಲ್ಲಿಯ ಕಾನೂನು. ಜರ್ಮನ್ನರು ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆಮಾಲೀಕರ ಸಹಿಯ ಪತ್ರ ಬೇಕು. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅಲ್ಲಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆಯೇ ಇರುವುದಿಲ್ಲ. ಅಂಚೆಯವರು ಡಬ್ಬದ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ಹೆಸರು ಅಂಟಿಸದಿದ್ದರೆ ಪತ್ರ ವಾಪಸು ಹೋಗುತ್ತದೆ.

ಕನ್ನಡಿಗರಿಗೆ ತೊಡಕಾಗುವುದೂ ಈ ಹೆಸರೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಅಪ್ಪನ ಹೆಸರೋ ಊರಿನ ಹೆಸರೋ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಇದನ್ನು ಸರಿಪಡಿಸಲು ಇಲ್ಲೇ ಸಮಯ ಹಿಡಿಯುತ್ತದೆ, ಅಲ್ಲಿಂದ ಇನ್ನೂ ಕಷ್ಟ. ಅರ್ಜಿ ಹಾಕುವ ಹೊತ್ತಿಗೇ ತಂದೆ-ತಾಯಿ ಕೂತು ಎಲ್ಲ ದಾಖಲೆಗಳ ಹೆಸರನ್ನು ಒಂದೊಂದಾಗಿ ತಾಳೆ ನೋಡಿದರೆ, ಐದು ಕೆ.ಜಿ. ಬೇಳೆ ಕಟ್ಟಿಕೊಡುವುದಕ್ಕಿಂತ ಹೆಚ್ಚು ನೆರವಾಗುತ್ತದೆ.

ಔಷಧದ ಮಾತೂ ಅಷ್ಟೇ ಮುಖ್ಯ. ವೈದ್ಯರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಅಲ್ಲಿ ಯಾರೂ ಕೊಡುವುದಿಲ್ಲ. ಥೈರಾಯ್ಡ್, ಆಸ್ತಮಾದಂಥ ತೊಂದರೆಗೆ ದಿನವೂ ಔಷಧ ಬೇಕಿರುವವರು ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ಮಾತ್ರ ಇಂಗ್ಲಿಷ್ ಚೀಟಿಯೊಂದಿಗೆ ಒಯ್ಯಬೇಕು. ಕನ್ನಡಕ ಹಾಕುವವರಿಗೆ ಇನ್ನೊಂದು ಜೊತೆ.

ಟಿಕೆಟ್ ಕೊಳ್ಳುವಾಗ ವಾರವನ್ನೂ ನೋಡಬೇಕು. ಭಾನುವಾರ ಜರ್ಮನಿಯಲ್ಲಿ ದಿನಸಿ ಅಂಗಡಿಗಳಿಗೆ ಬೀಗ. ದೊಡ್ಡ ರೈಲು ನಿಲ್ದಾಣಗಳಲ್ಲಿರುವ ಕೆಲವಷ್ಟೇ ತೆರೆದಿರುತ್ತವೆ. ಸೆಮಿಸ್ಟರ್ ಶುರುವಾಗುವ ಹೊತ್ತಿನ ಅಕ್ಟೋಬರ್ 3 ಕೂಡ ರಾಷ್ಟ್ರೀಯ ರಜೆ. ಶನಿವಾರ ರಾತ್ರಿ ಇಳಿಯುವವರ ಚೀಲದಲ್ಲಿ ಅವಲಕ್ಕಿ, ಹುರಿಗಡಲೆ, ಕೋಡುಬಳೆ ಮೇಲೆಯೇ ಇರಲಿ; ನೀರನ್ನು ನಲ್ಲಿಯಿಂದಲೇ ಹಿಡಿದು ಕುಡಿಯಬಹುದು.