ಹೊಗೆ ಹಾಕಬೇಕಾದ್ದು ಪಕ್ಕೆಲುಬಿಗೆ, ಕ್ರೆಡಿಟ್ ಕಾರ್ಡಿಗಲ್ಲ!

ಮೊದಲೇ ಹೇಳಿಬಿಡ್ತೀನಿ, ಇದು ಹಂದಿ ಮಾಂಸದ ಬಗ್ಗೆ ಬರೆದದ್ದು. ತಿನ್ನದವರು ಇಲ್ಲೇ ಎದ್ದು ಹೋಗಬಹುದು, ಬೇಜಾರಿಲ್ಲ. ತಿನ್ನೋರ ಹತ್ರ ಮಾತ್ರ ನಂದೊಂದು ಜಗಳ ಇದೆ.

ನಾನಿರೋದು ಅಮೆರಿಕಾದ ಕ್ಯಾನ್ಸಾಸ್ ಸಿಟಿ ಪಕ್ಕದಲ್ಲಿ. ಹೋದ ತಿಂಗಳು ಮನೆ ಹತ್ರದ ಅಂಗಡಿಯಲ್ಲಿ ಸ್ಪೇರ್ ರಿಬ್ಸ್ ಪೌಂಡಿಗೆ 1.99 ಡಾಲರ್ ಹಾಕಿದ್ರು. ಖುಷಿಯಿಂದ ಎರಡು ಪಟ್ಟಿ ಹೊತ್ಕೊಂಡು ಬಂದೆ. ಕನ್ನಡ ಕೂಟದ ಅಣ್ಣ ಒಬ್ರಿಗೆ ಫೋನಲ್ಲಿ ಹೇಳಿದ್ರೆ, "ಅಯ್ಯೋ, ಅದು ಅಗ್ಗದ ಮಾಲು ಕಣೋ. ಮಾಡೋದಾದ್ರೆ ಬೇಬಿ ಬ್ಯಾಕ್ ತಗೊಂಡು ಮಾಡು. ಅಲ್ಲಾ, ನಿನ್ ಹತ್ರ ಸ್ಮೋಕರ್ ಎಲ್ಲಿದೆ?" ಅಂದ್ರು. ಅವರ ಹಿತ್ತಲಲ್ಲಿ ಸಾವಿರ ಡಾಲರ್ ದಾಟಿದ ಪೆಲೆಟ್ ಗ್ರಿಲ್ ಇದೆ. ವೈಫೈ ಇದೆ, ಆಪ್ ಇದೆ. ಸೋಫಾ ಮೇಲೆ ಕೂತು ಮಾಂಸದ ಜ್ವರ ನೋಡಬಹುದು :)

ಅಣ್ಣ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ನೀವು ಹೇಳಿದ್ದು ಶುದ್ಧ ತಪ್ಪು.

ಬಾರ್ಬೆಕ್ಯೂ ಹುಟ್ಟಿದ್ದೇ ಅಗ್ಗದ ಮಾಂಸಕ್ಕೋಸ್ಕರ ಸ್ವಾಮಿ. ಈ ಊರಲ್ಲಿ ಅದನ್ನ ಶುರು ಮಾಡಿದೋರು ಅಂತ ಎಲ್ರೂ ಒಪ್ಪೋದು ಹೆನ್ರಿ ಪೆರ್ರಿ ಅನ್ನೋ ಕಪ್ಪು ಜನಾಂಗದ ವ್ಯಕ್ತಿಯನ್ನ. 1908ರ ಸುಮಾರಿಗೆ ಇಲ್ಲಿನ ಗಾರ್ಮೆಂಟ್ ಡಿಸ್ಟ್ರಿಕ್ಟಿನಲ್ಲಿ ಕೂಲಿಗಳಿಗೆ ಹೊಗೆಯಲ್ಲಿ ಬೇಯಿಸಿದ ಮಾಂಸವನ್ನ ಪೇಪರಲ್ಲಿ ಸುತ್ತಿ 25 ಸೆಂಟಿಗೆ ಮಾರ್ತಿದ್ರು. ಆಗ ಚಿಕಾಗೋ ಬಿಟ್ರೆ ದೇಶದ ದೊಡ್ಡ ದನ-ಹಂದಿ ಸಂತೆ ಇದ್ದಿದ್ದು ಇದೇ ಊರಲ್ಲಿ. ಒಳ್ಳೊಳ್ಳೆ ತುಂಡು ದುಡ್ಡಿದ್ದೋರ ಮನೆಗೆ ಹೋಗ್ತಿತ್ತು, ಗಟ್ಟಿ ತುಂಡು, ಮೂಳೆ ತುಂಡು ಉಳಿದೋರಿಗೆ. ಆ ಗಟ್ಟಿ ತುಂಡನ್ನ ಮೆತ್ತಗೆ ಮಾಡೋಕೆ ಅವರ ಹತ್ರ ಇದ್ದಿದ್ದು ಸೌದೆ ಮತ್ತು ತಾಳ್ಮೆ. ಇವತ್ತು ಜನ ಸಾಲು ನಿಂತು ತಿನ್ನೋ ಆರ್ಥರ್ ಬ್ರಯಂಟ್ಸ್ ಹೋಟೆಲ್ಲು ಪೆರ್ರಿ ಅಂಗಡಿಯಿಂದಲೇ ಬೆಳೆದದ್ದು.

ಇನ್ನು ವಿಜ್ಞಾನಕ್ಕೆ ಬರೋಣ, ಎಷ್ಟಾದ್ರೂ ಇಂಜಿನಿಯರ್ ಅಲ್ವಾ. ಬೇಬಿ ಬ್ಯಾಕ್ ಬರೋದು ಬೆನ್ನ ಕಡೆಯಿಂದ, ಮಾಂಸ ನಯ. ಸ್ಪೇರ್ ರಿಬ್ಸ್ ಬರೋದು ಕೆಳಗೆ ಹೊಟ್ಟೆ ಕಡೆಯಿಂದ. ಅದರಲ್ಲಿ ಕೊಬ್ಬು ಜಾಸ್ತಿ, ಕೊಲಾಜೆನ್ ಅನ್ನೋ ನಾರೂ ಜಾಸ್ತಿ. ಆ ನಾರು ಸುಮಾರು 70 ಡಿಗ್ರಿ ಸೆಲ್ಸಿಯಸ್ ಮೇಲೆ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತೆ. ಮಾಂಸ ರಸಭರಿತ ಅನ್ನಿಸೋದು ಅದರಿಂದಲೇ. ಹಂದಿ ಮಾಂಸ 63 ಡಿಗ್ರಿಗೇ ಬೆಂದು ತಿನ್ನೋಕೆ ಸುರಕ್ಷಿತ ಆಗುತ್ತೆ, ಆದ್ರೆ ಪಕ್ಕೆಲುಬು ಮೆತ್ತಗಾಗೋಕೆ 90 ದಾಟಬೇಕು, ಅದೂ ಆತುರ ಇಲ್ಲದೆ. ಅಂದ್ರೆ ಅಗ್ಗದ ತುಂಡು ಕೇಳೋದು ದುಡ್ಡಲ್ಲ, ಹೊತ್ತು.

ಇದು ನಮಗೆ ಹೊಸದಾ ಹೇಳಿ? ನಮ್ಮ ಮಂಡ್ಯ ಕಡೆ ಭಾನುವಾರ ಅಪ್ಪ ತಲೆ-ಕಾಲು ತರ್ತಿದ್ದಿದ್ದು ಮಟನ್ ತರೋಕೆ ಕಾಸು ಸಾಲದೆ. ಅಮ್ಮ ರಾತ್ರಿ ಸಣ್ಣ ಉರಿಯಲ್ಲಿ ಇಟ್ಟ ಕಾಲು ಸೂಪು ಬೆಳಗ್ಗೆ ತುಟಿಗೆ ಅಂಟ್ತಿತ್ತು. ಆ ಅಂಟೇ ಜೆಲಟಿನ್ನು. ಕೊಡಗಲ್ಲಿ, ಮಲೆನಾಡಲ್ಲಿ ಒಲೆ ಮೇಲೆ ಮಾಂಸ ನೇತುಹಾಕಿ ಹೊಗೆಗೆ ಒಣಗಿಸಿ ಮಳೆಗಾಲಕ್ಕೆ ಇಟ್ಕೊಳ್ತಿದ್ರು. ಅವರ್ಯಾರೂ ವೈಫೈ ಕೇಳಲಿಲ್ಲ..

ಈಗ ನನ್ನ 'ಸ್ಮೋಕರ್' ವಿಷಯ. ಯಾರೋ ಮನೆ ಖಾಲಿ ಮಾಡುವಾಗ 30 ಡಾಲರಿಗೆ ಕೊಟ್ಟ ದುಂಡನೆಯ ಕೆಟಲ್ ಗ್ರಿಲ್. 1952ರಲ್ಲಿ ಜಾರ್ಜ್ ಸ್ಟೀಫನ್ ಅನ್ನೋರು ನೀರಲ್ಲಿ ತೇಲಿಬಿಡೋ ಲೋಹದ ಬುರುಡೆಯನ್ನ ಎರಡು ಹೋಳು ಮಾಡಿ ಕಟ್ಟಿದ ಡಿಸೈನೇ ಇದು. ಇದರ ಅಂಚಿಗೆ ಇದ್ದಿಲ ಬಿಲ್ಲೆಗಳನ್ನ ಅರ್ಧ ಚಂದ್ರದ ಹಾಗೆ ಹಾವಿನಂತೆ ಜೋಡಿಸಿ, ಒಂದು ತುದಿಗೆ ಮಾತ್ರ ಬೆಂಕಿ ಕೊಡಿ. ಮೇಲೆ ಮೂರ್ನಾಲ್ಕು ಹಿಕರಿ ಮರದ ತುಂಡು. ಇನ್ನೊಂದು ಬದಿಗೆ ನೀರಿನ ತಟ್ಟೆ, ಅದರ ಮೇಲೆ ಮಾಂಸ. ಮೂಳೆ ಕಡೆಯ ಪೊರೆಯನ್ನ ಮೊದಲೇ ಕಿತ್ತಿರಬೇಕು. ಗಾಳಿ ಕಿಂಡಿ ಸ್ವಲ್ಪ ಮುಚ್ಚಿದ್ರೆ ಒಳಗೆ 107ರಿಂದ 120 ಡಿಗ್ರಿ ನಿಲ್ಲುತ್ತೆ. ಐದಾರು ಗಂಟೆ. ಇಕ್ಕಳದಲ್ಲಿ ನಡುವೆ ಹಿಡಿದೆತ್ತಿದಾಗ ಬಾಗಿ ಮೇಲ್ಮೈ ಬಿರುಕು ಬಿಟ್ರೆ ಆಯ್ತು. ಮುಚ್ಚಳ ಪದೇ ಪದೇ ತೆಗೀಬೇಡಿ, ಅಷ್ಟೇ ಮಂತ್ರ.

ಅಗ್ಗ ಅಂದಿದ್ದೆಲ್ಲಾ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಅಗ್ಗ ಬೇರೆ, ಮೋಸ ಬೇರೆ. ಚೀಟಿಯ ಮೂಲೇಲಿ ಸಣ್ಣಕ್ಷರದಲ್ಲಿ 'ಶೇಕಡಾ 12ರವರೆಗೆ ದ್ರಾವಣ ಸೇರಿಸಿದೆ' ಅಂತಿದ್ರೆ ನೀವು ಮಾಂಸದ ರೇಟಲ್ಲಿ ಉಪ್ಪುನೀರು ಕೊಳ್ತಿದ್ದೀರಿ ಅಂತ ಅರ್ಥ. ಮೊದಲ ಸಲ ನಾನು ಅದನ್ನ ಓದದೆ, ಮೇಲಿಂದ ಇನ್ನಷ್ಟು ಉಪ್ಪು ಸವರಿ, ಆರು ಗಂಟೆ ಕಾದು ಉಪ್ಪಿನಕಾಯಿ ತಿಂದೆ. ಮೂಳೆ ಹೊರಗೆ ಇಣುಕೋ ಹಾಗೆ ಮಾಂಸ ಕೆತ್ತಿದ ಪಟ್ಟಿಯನ್ನೂ ಮುಟ್ಟಬೇಡಿ. ಇವೆರಡು ನೋಡಿ, ದಿನಾಂಕ ನೋಡಿ, ಆಮೇಲೆ ಧೈರ್ಯವಾಗಿ ಕೊಳ್ಳಿ.

ಮನೇಲಿ ಚಿಕ್ಕ ಮಕ್ಕಳಿರೋರು ಪೆಲೆಟ್ ಗ್ರಿಲ್ ಇಟ್ಕೊಂಡ್ರೆ ನಂದೇನೂ ತಕರಾರಿಲ್ಲ. ನನ್ನ ಸಿಟ್ಟು ಬೇರೆ ಕಡೆ ಇದೆ. ನಮ್ಮ ಐಟಿ ಜನಕ್ಕೆ ಒಂದು ರೋಗ. ಕಲಿಯೋ ಬದಲು ಕೊಳ್ತೀವಿ. ಓಡೋಕೆ ಮೊದಲು ಶೂ, ಫೋಟೋಗೆ ಮೊದಲು ಲೆನ್ಸು, ಅಡುಗೆಗೆ ಮೊದಲು ಮೆಷೀನು. ಆಮೇಲೆ ನಾವು ಕೊಟ್ಟ ರೇಟೇ ಎಲ್ಲರ ರೇಟಾಗುತ್ತೆ. ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಬ್ರಿಸ್ಕೆಟ್ ಇವತ್ತು ಶೋಕಿ ಮಾಂಸ. ಊರಲ್ಲಿ ತಲೆ-ಕಾಲೂ ಅಗ್ಗವಾಗಿ ಉಳಿದಿಲ್ಲ, ಅಪ್ಪ ಫೋನಲ್ಲಿ ಗೊಣಗ್ತಾನೇ ಇರ್ತಾರೆ. ಬಡವರು ಹೊತ್ತು ಕೊಟ್ಟು ರುಚಿ ಮಾಡಿದ್ದನ್ನ ನಾವು ದುಡ್ಡು ಕೊಟ್ಟು ಕಿತ್ಕೊಂಡು, ಕೊನೆಗೆ ಅವರು ತಿಂತಿದ್ದಿದ್ದನ್ನೇ 'ಅಗ್ಗದ ಮಾಲು' ಅಂತೀವಿ.

ಅಣ್ಣನ್ನ ಆ ಶನಿವಾರ ಊಟಕ್ಕೆ ಕರೆದಿದ್ದೆ. ಎಂಟು ಮೂಳೆ ಚೀಪಿ, "ಯಾವ ಅಂಗಡೀದೋ ಇದು?" ಅಂದ್ರು.

ಹೇಳಲಿಲ್ಲ. ಹೇಳಿದ್ರೆ ಅಲ್ಲೂ ರೇಟು ಏರುತ್ತೆ. ನೀವೇನಂತೀರಾ?