ಸ್ನ್ಯಾಪ್‌ಶಾಟ್ ಅಂದ್ರ ಬ್ಯಾಕಪ್ ಅಲ್ಲ (3/5)

"ಸ್ನ್ಯಾಪ್‌ಶಾಟ್ ತಗೊಂಡೀವಿ, ಡೇಟಾ ಸೇಫ್" ಅನ್ನೋರನ್ನ ನಂಬಬ್ಯಾಡ್ರಿ. ಅದು ಮೂಲ ಡಿಸ್ಕನ್ನೇ ನೆಚ್ಚಿಕೊಂಡಿರ್ತದ. ಡಿಸ್ಕ್ ಹೋದ್ರ ಎರಡೂ ಹೋದ್ವು.

2022ರ ನವೆಂಬರ್‌ನಲ್ಲಿ ದೆಹಲಿ ಏಮ್ಸ್‌ನ 5 ಸರ್ವರ್‌ಗಳಲ್ಲಿ ಸುಮಾರು 1.3 ಟಿಬಿ ಡೇಟಾವನ್ನು ದಾಳಿಕೋರರು ಎನ್‌ಕ್ರಿಪ್ಟ್ ಮಾಡಿದ್ರು. ಕಾರಣ? ನೆಟ್‌ವರ್ಕ್ ಸರಿಯಾಗಿ ವಿಂಗಡಿಸಿರಲಿಲ್ಲ ಅಂತ ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಇ-ಹಾಸ್ಪಿಟಲ್ ಡೇಟಾ ಉಳಿದದ್ದು ದಾಳಿಗೆ ಸಿಗದ ಒಂದು ಬ್ಯಾಕಪ್ ಸರ್ವರ್‌ನಿಂದ.

ಆದ್ರೂ ನಮ್ಮ ಕಡೆ ವೆಬ್‌ಸೈಟ್, ಡೇಟಾಬೇಸ್, ಬ್ಯಾಕಪ್ ಎಲ್ಲಾ ಒಂದೇ ವರ್ಚುವಲ್ ಸ್ವಿಚ್‌ಗೆ, ಒಂದೇ ವಿಎಲ್ಎಎನ್‌ನಾಗ! ಬೇರೆ ಮಾಡಾಕ ಹೊಸ ಮಷೀನ್ ಬೇಕಿಲ್ಲ, ಅರ್ಧ ದಿನದ ಕೆಲಸ. "ಕೊಪ್ಪಳದಾಗ ಯಾರ್ ಹ್ಯಾಕ್ ಮಾಡ್ತಾರ?" ಅಂತಾರ. ರಾನ್ಸಮ್‌ವೇರ್ ಊರ ಹೆಸರು ಕೇಳಂಗಿಲ್ಲ ಮಾರಾಯ್ರಾ. ಗಂಗಾವತಿ ರೈಸ್ ಮಿಲ್ ಲೆಕ್ಕ, ಕುಷ್ಟಗಿ-ಯಲಬುರ್ಗಾ ರೈತರ ಪಹಣಿ, ಎಲ್ಲಾ ಈಗ ಸರ್ವರ್‌ನಾಗೇ ಐತಿ.

ನಾಳೆ ಲ್ಯಾಬ್‌ನಾಗ ಕೇಳ್ರಿ: ಒಂದು ಟೆಸ್ಟ್ ವಿಎಂ ಡಿಲೀಟ್ ಮಾಡಿ, ಬ್ಯಾಕಪ್‌ನಿಂದ ಎಬ್ಬಿಸಿ ತೋರಿಸ್ರಿ.