ಸ್ಯಾಲಿಯ ಮಾತು ಯಾಕೆ ಕೇಳಲಿಲ್ಲ?

ಜ್ಯಾಕ್ ಸ್ಕೆಲಿಂಗ್ಟನ್ ಪಾಪದವನು, ಅವನ ಉದ್ದೇಶ ಒಳ್ಳೆಯದೇ ಇತ್ತು ಎಂದು ಕಳೆದ ಸಂಚಿಕೆಯ ಲೇಖಕರು ವಾದಿಸಿದ್ದಾರೆ. ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೆನ್ರಿ ಸೆಲಿಕ್ ನಿರ್ದೇಶನದ 1993ರ ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ಚಿತ್ರವನ್ನು ಅವರು ಇನ್ನೊಮ್ಮೆ ನೋಡಲಿ. ಹ್ಯಾಲೋವೀನ್ ಪಟ್ಟಣದ ಈ ದೊರೆ ಏನೂ ತಿಳಿಯದೆ ಎಡವಟ್ಟು ಮಾಡಿಕೊಂಡ ಎಂಬ ಮಾತು ನಿಲ್ಲುವುದಿಲ್ಲ. ಸಾಂಟಾನ ಬದಲು ತಾನೇ ಕ್ರಿಸ್‌ಮಸ್ ಉಡುಗೊರೆ ಹಂಚುವುದು ಅವನ ಯೋಜನೆ. ಅದು ಕೆಡುತ್ತದೆಂಬ ಮುನ್ಸೂಚನೆಯಾಗಿ ಹೊತ್ತಿ ಉರಿಯುವ ಕ್ರಿಸ್‌ಮಸ್ ಮರ ಅದೇ ಪಟ್ಟಣದ ಚಿಂದಿಬೊಂಬೆ ಸ್ಯಾಲಿಗೆ ಮೊದಲೇ ಕಂಡಿತ್ತು. ಅವಳು ಬಾಯಿಬಿಟ್ಟು ಹೇಳಿದಳು; ಅವನು ಅವಳಿಗೇ ಸಾಂಟಾ ಉಡುಪು ಹೊಲಿಯುವ ಕೆಲಸ ಒಪ್ಪಿಸಿದ. ಹೊರಡುವ ರಾತ್ರಿ ಅವಳು ಮಂಜು ಕವಿಸಿದಾಗಲೂ ನಿಲ್ಲಲಿಲ್ಲ, ನಾಯಿ ಜೀರೋನ ಹೊಳೆಯುವ ಮೂಗನ್ನೇ ದೀಪ ಮಾಡಿಕೊಂಡು ಹೊರಟ.

ಸಾಂಟಾನನ್ನು ಹಿಡಿದು ತರಲು ಮೂವರು ಪೋಕರಿ ಮಕ್ಕಳನ್ನು ಕಳಿಸಿದವನೂ ಅವನೇ. ಚೆನ್ನಾಗಿ ನೋಡಿಕೊಳ್ಳಿ ಎಂದ ಮಾತ್ರಕ್ಕೆ ಅಪಹರಣ ಆತಿಥ್ಯವಾಗುತ್ತದೆಯೇ? ಉಡುಗೊರೆ ಬಿಚ್ಚಿದ ಹುಡುಗನ ಕೈಗೆ ಬಂದದ್ದು ಕುಗ್ಗಿಸಿದ ಮನುಷ್ಯನ ತಲೆ. ಕೆಳಗಿನಿಂದ ಗುಂಡು ಹಾರಿದಾಗಲೂ ಜ್ಯಾಕ್ ಅದು ತನಗೆ ಸಲ್ಲುತ್ತಿರುವ ಅಭಿನಂದನೆ ಎಂದೇ ಭಾವಿಸುತ್ತಾನೆ! ಕೊನೆಗೆ ಸಾಂಟಾನನ್ನು ಬಿಡಿಸುತ್ತಾನೆ, ನಿಜ. ಅದಕ್ಕಾಗಿ ಅವನು ನನಗೂ ಇಷ್ಟ. ಆದರೆ ಅಷ್ಟರಲ್ಲಿ ಸಾಂಟಾನನ್ನು ಉಳಿಸಲು ಹೋದ ಸ್ಯಾಲಿ ಖಳ ಊಗಿ ಬೂಗಿಯ ಕೈಗೆ ಸಿಕ್ಕಿಬಿದ್ದಿದ್ದಳು. ಲೇಖಕರ ಬರಹದಲ್ಲಿ ಅವಳ ಹೆಸರೇ ಇಲ್ಲ.